ಟ್ಯೂಬ್ ಇನ್ನೂ ಬೇಕಾ?

ಕಳೆದ ಮಳೆಗಾಲ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಅಜ್ಜರೊಬ್ಬರು ಅಡಕೆ ತೋಟದಲ್ಲಿ ಜಾರಿಬಿದ್ದು ತೊಡೆ ಎಲುಬು ಮುರಿದುಕೊಂಡು ನಮ್ಮ ವಾರ್ಡಿಗೆ ಬಂದರು. ಆಪರೇಶನ್ ಚೆನ್ನಾಗಿಯೇ ಆಯಿತು. ಆರನೇ ದಿನ ಚಳಿಜ್ವರ. "ಬರುವಾಗ ಜ್ವರ ಇರಲಿಲ್ಲವಲ್ಲ ಡಾಕ್ಟ್ರೇ, ಇಲ್ಲಿ ಹೇಗೆ ಬಂತು?" ಎಂದು ಮಗ ಕೇಳಿದರು. ನ್ಯಾಯವಾದ ಪ್ರಶ್ನೆ. ಬಂದದ್ದು ನಾವೇ ಹಾಕಿದ ಮೂತ್ರದ ಟ್ಯೂಬಿನಿಂದ.

ಇ. ಕೊಲೈ, ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾಗಳು ನಮ್ಮ ಕರುಳಲ್ಲೇ ಇರುತ್ತವೆ. ಅಲ್ಲಿದ್ದರೆ ತೊಂದರೆ ಇಲ್ಲ. ಟ್ಯೂಬ್ ಅವಕ್ಕೆ ಮೂತ್ರಕೋಶಕ್ಕೆ ಹತ್ತುವ ಏಣಿ. ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಬೀಳುವ ತೊಟ್ಟಿಗೆ ಹಾವಸೆ ಹಿಡಿಯುತ್ತದೆ, ಅಲ್ವಾ? ಟ್ಯೂಬಿನ ಗೋಡೆಗೂ ಹಾಗೇ ಲೋಳೆ ಕಟ್ಟುತ್ತದೆ. ಅದರೊಳಗೆ ಅಡಗಿದ ಬ್ಯಾಕ್ಟೀರಿಯಾಗಳಿಗೆ ಆ್ಯಂಟಿಬಯೋಟಿಕ್ ಸರಿಯಾಗಿ ತಾಗುವುದಿಲ್ಲ. ಟ್ಯೂಬ್ ಇದ್ದ ಒಂದೊಂದು ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಾಧ್ಯತೆ ಶೇಕಡಾ 3ರಿಂದ 7ರಷ್ಟು. ತಿಂಗಳಾದರೆ ಹೆಚ್ಚುಕಡಿಮೆ ಎಲ್ಲರಲ್ಲೂ ಇರುತ್ತದೆ. ಜ್ವರ, ನೋವು ಏನೂ ಇಲ್ಲದೆ ಬರೀ ಮೂತ್ರ ಪರೀಕ್ಷೆಯ ರಿಪೋರ್ಟ್ ನೋಡಿ ಮದ್ದು ಕೊಡುವುದು ಹೆಚ್ಚಿನವರಿಗೆ ಬೇಡ. ಸುಮ್ನೆ ಕೊಟ್ಟರೆ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಮಾತ್ರ ಉಳಿದು ಬೆಳೆಯುತ್ತದೆ.

ನೋಡಿಕೊಳ್ಳಲು ನಿಂತವರು ಪ್ರೀತಿಯಿಂದಲೇ ಒಂದು ತಪ್ಪು ಮಾಡುತ್ತಾರೆ. ರೋಗಿಯನ್ನು ಹೊರಳಿಸುವಾಗ ಮೂತ್ರದ ಚೀಲವನ್ನು ಎತ್ತಿ ಹಾಸಿಗೆ ಮೇಲೆ ಇಡುತ್ತಾರೆ. ಚೀಲದ ಮೂತ್ರ ವಾಪಸ್ ಒಳಗೆ ಹರಿಯುತ್ತದೆ. ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗೆ ತೂಗಬೇಕು, ನೆಲಕ್ಕೆ ಮುಟ್ಟಬಾರದು.

ಕೈಯ ವಿಷಯ ಎಲ್ಲರಿಗೂ ಗೊತ್ತು, ಮಾಡುವವರು ಕಡಿಮೆ. ನಾವು ಡಾಕ್ಟರುಗಳೂ ಸೇರಿ. ಅಸಿನೆಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಮಂಚದ ಒಣ ಕಂಬಿಯ ಮೇಲೆ ವಾರಗಟ್ಟಲೆ ಬದುಕುತ್ತದೆ. ಆ ಕಂಬಿ ಹಿಡಿದ ಕೈ ಟ್ಯೂಬಿಗೆ ಹೋಗುತ್ತದೆ. ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು ಉಜ್ಜಬೇಕು. ಕೈಯಲ್ಲಿ ಕೊಳೆ ಕಂಡರೆ ಸೋಪು ನೀರೇ ಬೇಕು. ನಮ್ಮ ವಾರ್ಡಿನಲ್ಲಿ ಕೈ ತೊಳೆಯುವ ಬೋರ್ಡು ಮಲಯಾಳ, ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಅಜ್ಜರ ಹೆಂಡತಿಗೆ ಓದಲು ಬರುವುದು ಕನ್ನಡ. ಬಿಳಿ ಕಾಗದದಲ್ಲಿ ದೊಡ್ಡಕ್ಕೆ ಬರೆದು ಪಕ್ಕದಲ್ಲೇ ಅಂಟಿಸಿದೆವು.

ರೌಂಡ್ಸಿಗೆ ಬರುವ ಡಾಕ್ಟರ ಹತ್ತಿರ ದಿನಾ ಕೇಳಿ: "ಈ ಟ್ಯೂಬ್ ಇನ್ನೂ ಬೇಕಾ?" ನಮಗೆ ಸಿಟ್ಟು ಬರುವುದಿಲ್ಲ. ಬಂದರೂ ಕೇಳಿ. ಹಾಕಿದ ಟ್ಯೂಬನ್ನು ನಾವು ಮರೆಯುವುದು ಜಾಸ್ತಿ.

ಅಜ್ಜರ ಟ್ಯೂಬ್ ಅವತ್ತೇ ತೆಗೆದೆವು. ಜ್ವರ ಇಳಿದ ಮರುದಿನ ವಾಕರ್ ಹಿಡಿದು ತಾವೇ ಬಾತ್‌ರೂಮಿಗೆ ನಡೆದರು. ಆಪರೇಶನ್ ಆದ ಮೂರನೇ ದಿನವೇ ನಡೆಸಬಹುದಿತ್ತು.