ಹಡಗಿನ ಪಟ್ಟಿ, ಬಂದರಿನ ಪಟ್ಟಿ: ಎರಡಕ್ಕೂ ಒಂದೇ ಲೆಕ್ಕ

ಹೊಸ ಫ್ಯಾಮಿಲಿ ಕ್ರೂಸ್ ಹಡಗಿಗೆ ಆರ್ಡರ್ ಬಿದ್ದಿದೆ ಎಂಬ ಸುದ್ದಿ ಹೊರಬಿದ್ದರೆ ಸಾಕು, ಮಕ್ಕಳಿರುವ ಮನೆಗಳಿಂದ ಎರಡು ಬೇಡಿಕೆ ಪಟ್ಟಿಗಳು ಬರತೊಡಗುತ್ತವೆ. ಹಡಗಿನಲ್ಲಿ ಏನೇನಿರಬೇಕು ಎನ್ನುವುದು ಮೊದಲನೆಯದು: ಇನ್ನೂ ಎರಡು ವಾಟರ್ ಸ್ಲೈಡ್, ರೋಲರ್ ಕೋಸ್ಟರ್, ಐಸ್ ರಿಂಕ್, ಐದು ಜನ ಮಲಗುವ ಕ್ಯಾಬಿನ್. ಎಲ್ಲೆಲ್ಲಿಗೆ ಹೋಗಬೇಕು ಎನ್ನುವುದು ಎರಡನೆಯದು: ವೆನಿಸ್, ಸಾಂಟೊರಿನಿ, ನಾರ್ವೆಯ ಗೈರಾಂಗರ್ ಫ್ಯೋರ್ಡ್ (ಬೆಟ್ಟಗಳ ನಡುವೆ ಒಳಹೊಕ್ಕ ಕಡಲತೋಡು), ಅಲಾಸ್ಕಾದ ಗ್ಲೇಷಿಯರ್ ಬೇ, ಪನಾಮಾ ಕಾಲುವೆ. ಬಿಡಿಬಿಡಿಯಾಗಿ ನೋಡಿದರೆ ಎರಡೂ ಒಳ್ಳೆಯ ಪಟ್ಟಿಗಳೇ. ಆದರೆ ಎರಡನ್ನೂ ಬರೆದಿರುವುದು ಒಂದೇ ಹಡಗಿಗೆ. ಮೊದಲ ಪಟ್ಟಿಗೆ ಒಂದು ಸಾಲು ಸೇರಿದಾಗಲೆಲ್ಲ ಎರಡನೆಯದರಲ್ಲಿ ಒಂದು ಬಂದರಿಗೆ ಕತ್ತರಿ ಬೀಳುತ್ತದೆ. ಎಷ್ಟು ಸಲ ಹೇಳಿದರೂ ಈ ಒಂದು ಮಾತು ಮನಸ್ಸಿಗೆ ಇಳಿಯುವುದಿಲ್ಲವಾದ್ದರಿಂದ ಇಲ್ಲಿ ಲೆಕ್ಕ ಬಿಡಿಸಿಯೇ ಹೇಳುತ್ತೇನೆ.

ಮೊದಲು ಎತ್ತರ. ಸ್ಲೈಡು, ಕೋಸ್ಟರು, ಜಿಪ್‌ಲೈನು ಎಲ್ಲ ಹೋಗಿ ಕೂರುವುದು ಮೇಲಿನ ಡೆಕ್‌ಗಳಲ್ಲಿ. ನೀರಿನ ಮಟ್ಟದಿಂದ ಹಡಗಿನ ನೆತ್ತಿಯವರೆಗಿನ ಅಳತೆಗೆ ಏರ್ ಡ್ರಾಫ್ಟ್ ಎನ್ನುತ್ತೇವೆ. ಫ್ಲೋರಿಡಾದ ಟ್ಯಾಂಪಾ ಬಂದರಿಗೆ ಹೋಗುವ ದಾರಿಯಲ್ಲಿ ಸನ್‌ಶೈನ್ ಸ್ಕೈವೇ ಸೇತುವೆ ಇದೆ. ಅದರ ಕೆಳಗೆ ಸಿಗುವ ಜಾಗ ಸುಮಾರು 55 ಮೀಟರ್. ಹೀಗಾಗಿ ಅತಿದೊಡ್ಡ ಹಡಗುಗಳಿಗೆ ಟ್ಯಾಂಪಾದ ಬಾಗಿಲು ಮುಚ್ಚಿದಂತೆಯೇ. ಪನಾಮಾ ಕಾಲುವೆಯಲ್ಲಿ 2016ರಲ್ಲಿ, ನೀರು ಏರಿಸಿ ಇಳಿಸಿ ಹಡಗು ದಾಟಿಸುವ ಹೊಸ ಲಾಕ್‌ಗಳು ತೆರೆದವು. ಈಗ 366 ಮೀಟರ್ ಉದ್ದ, 51 ಮೀಟರ್ ಅಗಲದ ಹಡಗಿಗೂ ಅಲ್ಲಿ ದಾರಿಯಿದೆ. ಇದನ್ನು ಓದಿದವರು, ಓಯಸಿಸ್ ಆಫ್ ದ ಸೀಸ್‌ನಂಥ ಹಡಗು ಯಾಕೆ ಹೋಗಬಾರದು ಎಂದು ಕೇಳುತ್ತಾರೆ. ಉದ್ದ 360 ಮೀಟರ್ ಚಿಲ್ಲರೆ, ನೀರಿನ ಮಟ್ಟದಲ್ಲಿ ಅಗಲ 47 ಮೀಟರ್. ಕಾಗದದ ಮೇಲೆ ಲಾಕಿಗೆ ಇಳಿಯುತ್ತದೆ. ಆದರೆ ಪೆಸಿಫಿಕ್ ತುದಿಯಲ್ಲಿ ಬ್ರಿಜ್ ಆಫ್ ದ ಅಮೆರಿಕಾಸ್ ಕಾದಿರುತ್ತದೆ. ಅದರಡಿ ಹೋಗಲು ಮಿತಿ 57.91 ಮೀಟರ್, ಉಬ್ಬರವಿಳಿದ ಹೊತ್ತಿಗೆ ಮುಂಚಿತವಾಗಿ ಅನುಮತಿ ಪಡೆದರೆ 62.5 ಮೀಟರ್. ಓಯಸಿಸ್‌ನ ಎತ್ತರ 72 ಮೀಟರ್.

ಇದೇ ಓಯಸಿಸ್ 2009ರಲ್ಲಿ ಫಿನ್‌ಲೆಂಡಿನ ಟುರ್ಕುವಿನಲ್ಲಿ ಕಟ್ಟಿ ಮುಗಿದಾಗ ಬಾಲ್ಟಿಕ್ ಸಮುದ್ರದಿಂದ ಹೊರಬರುವುದೇ ಒಂದು ಸಾಹಸವಾಯಿತು. ಡೆನ್ಮಾರ್ಕಿನ ಗ್ರೇಟ್ ಬೆಲ್ಟ್ ಸೇತುವೆಯ ಕೆಳಗೆ ಇರುವ ಜಾಗ 65 ಮೀಟರ್. ಹಡಗಿನ ಹೊಗೆಕೊಳವೆಗಳನ್ನು ಒಳಕ್ಕೆ ಇಳಿಸುವಂತೆ ಮೊದಲೇ ವಿನ್ಯಾಸ ಮಾಡಿದ್ದರು. ಅದೂ ಸಾಲದೆ ಹಡಗನ್ನು ಸೇತುವೆಯಡಿ ಬೇಕೆಂದೇ ವೇಗವಾಗಿ ಓಡಿಸಿದರು. ಆಳ ಕಡಿಮೆಯಿರುವ ನೀರಿನಲ್ಲಿ ವೇಗ ಹೆಚ್ಚಿದರೆ ಹಡಗು ಒಂದಿಷ್ಟು ಕೆಳಕ್ಕೆ ಕುಸಿಯುತ್ತದೆ. ಆ ಕುಸಿತವೂ ಲೆಕ್ಕದಲ್ಲಿತ್ತು. ನೆತ್ತಿಗೂ ಸೇತುವೆಗೂ ಉಳಿದ ಅಂತರ ಒಂದು ಮೀಟರಿಗಿಂತ ಕಡಿಮೆ. ಹಡಗು ಹೊಸದಾಗಿ ಹೊರಬರುವಾಗ ಒಮ್ಮೆ ಇಂಥ ಸರ್ಕಸ್ ಮಾಡಬಹುದು. ಪ್ರಯಾಣಿಕರನ್ನು ತುಂಬಿಕೊಂಡು ವಾರವಾರ ಮಾಡುವಂಥದ್ದಲ್ಲ.

ಕೆಲವು ಊರುಗಳಿಗೆ ಕಾನೂನೇ ಬೇಲಿ ಹಾಕಿದೆ. ವೆನಿಸ್‌ನ ಜುಡೆಕ್ಕಾ ಕಾಲುವೆಯಲ್ಲಿ 2021ರ ಆಗಸ್ಟ್ 1ರಿಂದ 25,000 ಗ್ರಾಸ್ ಟನ್ (ಹಡಗಿನ ಒಳಗಾತ್ರದ ಅಳತೆ) ಮೀರಿದ ಹಡಗುಗಳಿಗೆ ಪ್ರವೇಶವಿಲ್ಲ. ಹೊಸ ಫ್ಯಾಮಿಲಿ ಹಡಗುಗಳು ಅದರ ಐದಾರು ಪಟ್ಟು, ಕೆಲವು ಹತ್ತು ಪಟ್ಟು ದೊಡ್ಡವು. ಹಾಗಾಗಿ ವೇಳಾಪಟ್ಟಿಯಲ್ಲಿ ‘ವೆನಿಸ್’ ಎಂದಿದ್ದರೆ ಮುಂದೆ ಆವರಣದಲ್ಲಿರುವ ಬಂದರಿನ ಹೆಸರನ್ನೂ ಓದಿ. ನಾರ್ವೆ ತನ್ನ ವಿಶ್ವ ಪರಂಪರೆಯ ಫ್ಯೋರ್ಡ್‌ಗಳಲ್ಲಿ ಶೂನ್ಯ ಹೊರಸೂಸುವಿಕೆಯ ನಿಯಮ ತಂದಿದೆ: 10,000 ಗ್ರಾಸ್ ಟನ್‌ಗಿಂತ ಚಿಕ್ಕವಕ್ಕೆ 2026ರಿಂದ, ದೊಡ್ಡವಕ್ಕೆ 2032ರಿಂದ. ಎಲ್‌ಎನ್‌ಜಿ ಎಂಬ ದ್ರವರೂಪದ ನೈಸರ್ಗಿಕ ಅನಿಲದಿಂದ ಓಡುವ ಹಡಗೂ ಈ ಅರ್ಥದಲ್ಲಿ ‘ಶೂನ್ಯ’ ಅಲ್ಲ. ಗ್ಲೇಷಿಯರ್ ಬೇಯೊಳಗೆ ದಿನಕ್ಕೆ ಎರಡೇ ಕ್ರೂಸ್ ಹಡಗು. ಆ ಜಾಗ ಪರವಾನಗಿ ಹಿಡಿದವರ ಪಾಲು. ಹೊಸ ಹಡಗು ಬಂತೆಂದ ಮಾತ್ರಕ್ಕೆ ಮೂರನೆಯ ಜಾಗ ಹುಟ್ಟಿಕೊಳ್ಳುವುದಿಲ್ಲ.

ಇನ್ನು ತಲೆಲೆಕ್ಕ. ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಗ್ರಾಸ್ ಟನ್ ಎನ್ನುವುದು ಹಡಗಿನ ತೂಕವಲ್ಲ, ಒಳಗಿನ ಒಟ್ಟು ಗಾತ್ರದ ಅಳತೆ. ಅದನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ತಲೆಗೆ ಎಷ್ಟು ಜಾಗ ಎಂಬ ಅಂದಾಜು ಸಿಗುತ್ತದೆ. ಕಂಪನಿಗಳು ಭಾಗಿಸುವುದು ಕ್ಯಾಬಿನ್‌ಗೆ ಇಬ್ಬರು ಎಂಬ ಲೆಕ್ಕದಲ್ಲಿ. 2024ರಲ್ಲಿ ಓಡಾಟ ಶುರು ಮಾಡಿದ ಐಕಾನ್ ಆಫ್ ದ ಸೀಸ್ 2,48,663 ಗ್ರಾಸ್ ಟನ್. ಇಬ್ಬರಂತೆ ಲೆಕ್ಕ ಹಾಕಿದರೆ 5,610 ಜನ, ಅಂದರೆ ತಲೆಗೆ 44. ಆದರೆ ಶಾಲೆಗೆ ರಜೆಯಿರುವ ವಾರಗಳಲ್ಲಿ ಮೂರನೆಯ, ನಾಲ್ಕನೆಯ ಹಾಸಿಗೆಗಳೂ ತುಂಬುತ್ತವೆ. ಗರಿಷ್ಠ ಸಂಖ್ಯೆ 7,600. ಆಗ ತಲೆಗೆ 33 ಕೂಡ ಬರುವುದಿಲ್ಲ. 2022ರ ಡಿಸ್ನಿ ವಿಶ್ 1,44,000 ಗ್ರಾಸ್ ಟನ್, 1,254 ಕ್ಯಾಬಿನ್. ಇಬ್ಬರಂತೆ ತಲೆಗೆ 57, ಪೂರ್ತಿ ನಾಲ್ಕು ಸಾವಿರ ಜನ ತುಂಬಿದಾಗ 36. ನೀವು ಮಕ್ಕಳೊಂದಿಗೆ ಹೋಗುವುದು ರಜೆಯಲ್ಲೇ ತಾನೆ? ಹಾಗಿದ್ದರೆ ನಿಮಗೆ ಅನ್ವಯಿಸುವುದು ಎರಡನೆಯ ಅಂಕಿ. ಫ್ಯಾಮಿಲಿ ಹಡಗುಗಳನ್ನು ಹೋಲಿಸುವಾಗ ಗರಿಷ್ಠ ಸಂಖ್ಯೆಯಿಂದಲೇ ಭಾಗಿಸಿ.

ಐದು ಜನರ ಕ್ಯಾಬಿನ್ ಬೇಕೆನ್ನುವವರಿಗೂ ಈ ತಲೆಲೆಕ್ಕವೇ ಅಡ್ಡ ಬರುವುದು. ಮಡಚುವ ಹಾಸಿಗೆ ಇನ್ನೊಂದು ಹಾಕಲು ಕಷ್ಟವಿಲ್ಲ. ಲೈಫ್‌ಬೋಟ್‌ನಲ್ಲಿ ಸೀಟು ಬೇಕಲ್ಲ! ಪ್ರತಿ ಕ್ಯಾಬಿನ್ನೂ ಆಪತ್ತಿನಲ್ಲಿ ಎಲ್ಲರೂ ಸೇರಬೇಕಾದ ಒಂದು ಮಸ್ಟರ್ ಸ್ಟೇಷನ್‌ಗೆ, ಆ ಸ್ಟೇಷನ್ ನಿರ್ದಿಷ್ಟ ದೋಣಿಗಳಿಗೆ ಸೇರಿರುತ್ತದೆ. ತೊಟ್ಟಿಲಿನ ಕೂಸೂ ಅಲ್ಲಿ ಒಂದು ತಲೆ. ಆ ಸ್ಟೇಷನ್‌ನ ಲೆಕ್ಕ ಭರ್ತಿಯಾದರೆ ನಾಲ್ಕು ಹಾಸಿಗೆಯ ಕ್ಯಾಬಿನ್ ಖಾಲಿಯಿದ್ದರೂ ಇಬ್ಬರಿಗಷ್ಟೇ ಮಾರುತ್ತಾರೆ. ‘ಹಾಸಿಗೆ ಇದೆ, ಯಾಕೆ ಕೊಡುವುದಿಲ್ಲ’ ಎಂದು ಬುಕಿಂಗ್ ಸಿಬ್ಬಂದಿಯ ಮೇಲೆ ರೇಗಿ ಪ್ರಯೋಜನವಿಲ್ಲ. ಹಡಗಿನ ಇನ್ನೊಂದು ಭಾಗದಲ್ಲಿ ಜಾಗವಿದೆಯೇ ಎಂದು ಕೇಳಿ, ಎಷ್ಟೋ ಸಲ ಸಿಗುತ್ತದೆ.

ಅಷ್ಟೂ ಜನ ದಡಕ್ಕೆ ಇಳಿಯುವುದು ಹೇಗೆ? ಸಾಂಟೊರಿನಿಯಲ್ಲಿ, ಗ್ರ್ಯಾಂಡ್ ಕೇಮನ್‌ನಲ್ಲಿ ದೊಡ್ಡ ಹಡಗು ನಿಲ್ಲುವ ಕಟ್ಟೆಯಿಲ್ಲ. ಜನರನ್ನು ದಡಕ್ಕೆ ಸಾಗಿಸುವ ಟೆಂಡರ್ ದೋಣಿಯೇ ಗತಿ. ದೋಣಿಗೆ 150 ಜನ, ಹತ್ತಿಸಿ ಇಳಿಸಿ ವಾಪಸಾಗಲು 40 ನಿಮಿಷ, ಒಟ್ಟು ಆರು ದೋಣಿ ಎಂದಿಟ್ಟುಕೊಳ್ಳಿ. ಗಂಟೆಗೆ 1,350 ಜನ. ನಾಲ್ಕು ಸಾವಿರ ಜನರಿಗೆ ಮೂರು ಗಂಟೆ, ಏಳು ಸಾವಿರಕ್ಕೆ ಐದು ಗಂಟೆಗೂ ಮೇಲೆ. ವಾಪಸು ಬರಲೂ ಅಷ್ಟೇ ಹೊತ್ತು. ಮಗುವಿನ ಗಾಡಿ, ಗಾಲಿಕುರ್ಚಿ ಇದ್ದರೆ ಇನ್ನೂ ನಿಧಾನ. ಅಲೆ ಎದ್ದರೆ ಆ ದಿನದ ಬಂದರೇ ರದ್ದು. ಸಾಂಟೊರಿನಿಯಲ್ಲಿ ದೋಣಿ ಇಳಿದ ಮೇಲೂ ಬೆಟ್ಟದ ಮೇಲಿನ ಊರಿಗೆ ಕೇಬಲ್ ಕಾರಿನ ಸರದಿ ಬಾಕಿ. ಕಂಪನಿಗಳು ತಮ್ಮದೇ ದ್ವೀಪಗಳಲ್ಲಿ ಕಟ್ಟೆ ಕಟ್ಟಿಸಿರುವುದರ ಹಿಂದಿನ ಕಾರಣ ಇದು: ಡಿಸ್ನಿಯ ಕ್ಯಾಸ್ಟವೇ ಕೇಯಲ್ಲಿ ಹಡಗು ನೇರ ಕಟ್ಟೆಗೇ ಬಂದು ನಿಲ್ಲುತ್ತದೆ. ‘ಮತ್ತೆ ಅದೇ ದ್ವೀಪವೇ’ ಎಂದು ಮೂಗು ಮುರಿಯುವವರು ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಒಮ್ಮೆ ಟೆಂಡರ್ ಸಾಲಿನಲ್ಲಿ ನಿಂತು ನೋಡಲಿ, ಆ ಕಟ್ಟೆಯ ಬೆಲೆ ಗೊತ್ತಾಗುತ್ತದೆ.

ಏಳು ರಾತ್ರಿಯಲ್ಲಿ ಆರು ಬಂದರು ಬೇಕೆನ್ನುವವರಿಗೆ ಗಡಿಯಾರದ ಲೆಕ್ಕ. ಬೆಳಿಗ್ಗೆ 8ಕ್ಕೆ ಕಟ್ಟೆಗೆ, ಸಂಜೆ 6ಕ್ಕೆ ಹೊರಡು. ಉಳಿಯುವುದು 14 ಗಂಟೆ. ಬಂದರಿನ ದಾರಿ ತೋರುವ ಪೈಲಟ್ ಹತ್ತಿ ಇಳಿಯಲು, ಬಂದರಿನ ಕಾಲುವೆಯಲ್ಲಿ ನಿಧಾನವಾಗಿ ಸಾಗಲು ಎರಡೂ ಕಡೆ ಒಂದೊಂದು ಗಂಟೆ ಕಳೆಯಿರಿ. ಮಿಕ್ಕ 12 ಗಂಟೆಯಲ್ಲಿ 18 ನಾಟ್ (ಗಂಟೆಗೆ 18 ನಾಟಿಕಲ್ ಮೈಲಿ) ವೇಗಕ್ಕೆ 216 ನಾಟಿಕಲ್ ಮೈಲಿ, ಅಂದರೆ 400 ಕಿಲೋಮೀಟರ್. ಮುಂದಿನ ಬಂದರು ಈ ದೂರದೊಳಗೆ ಇರಬೇಕು. ವೇಗ ಹೆಚ್ಚಿಸಿದರಾಯಿತು ಎನ್ನುತ್ತೀರಾ? ಎಂಜಿನ್‌ನಿಂದ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ವೇಗದ ಘನದಂತೆ ಏರುತ್ತದೆ. 18ರಿಂದ 22 ನಾಟ್‌ಗೆ ಹೋದರೆ ಶಕ್ತಿ ಶೇಕಡ 80ರಷ್ಟು ಜಾಸ್ತಿ ಬೇಕು. ಅದೇ ದೂರಕ್ಕೆ ಇಂಧನ ಸುಮಾರು ಒಂದೂವರೆ ಪಟ್ಟು. ಇಷ್ಟು ಸುಟ್ಟ ಮೇಲೂ ಸಿಗುವುದು 48 ಮೈಲಿಯಷ್ಟೇ ಹೆಚ್ಚು.

ದಿನವೂ ಬಂದರಾದರೆ ಮಕ್ಕಳ ಪಾಡು ಬೇರೆ. ‘ರೋಮ್’ ಎಂದು ಬರೆದಿರುವ ದಿನ ಹಡಗು ನಿಲ್ಲುವುದು ಚಿವಿಟಾವೆಕ್ಕಿಯಾದಲ್ಲಿ; ಅಲ್ಲಿಂದ ರೋಮ್ ನಗರಕ್ಕೆ ಬಸ್ಸಿನಲ್ಲಿ ಹೋಗಲು ಒಂದೂವರೆ ಗಂಟೆ, ಬರಲು ಅಷ್ಟೇ. ಹಡಗು ಹೊರಡುವ ಅರ್ಧ ಗಂಟೆ ಮೊದಲು ಒಳಗಿರಬೇಕು. ಹತ್ತು ಗಂಟೆಯ ನಿಲುಗಡೆಯಲ್ಲಿ ಊರು ನೋಡಲು ಐದಾರು ಗಂಟೆ ಸಿಕ್ಕರೆ ಪುಣ್ಯ. ಸಂಜೆ ಮಕ್ಕಳು ಸುಸ್ತಾಗಿ ಬಂದರೆ ಯಾವ ಸ್ಲೈಡೂ ಬೇಡ, ಊಟವೂ ಬೇಡ. ನೀವು ಬೇಡಿಕೊಂಡು ಹಾಕಿಸಿದ ಆಟಗಳಿಗೆಲ್ಲ ಬಳಕೆ ಸಿಗುವುದು ಬಂದರಿಲ್ಲದ ದಿನ. ಆಟಗಳಿಗಾಗಿ ಹಡಗು ಆರಿಸಿದವರು ಏಳು ರಾತ್ರಿಗೆ ಮೂರು, ಹೆಚ್ಚೆಂದರೆ ನಾಲ್ಕು ಬಂದರಿನ ಮಾರ್ಗ ಹಿಡಿಯುವುದು ಮೇಲು. ಊರುಗಳಿಗಾಗಿ ಹೊರಟವರಿಗೆ ಸ್ಲೈಡ್ ಇಲ್ಲದ ಚಿಕ್ಕ ಹಡಗು ಸಾಕು. ನಡುವಿನ ದಾರಿ ಇಲ್ಲವೆನ್ನಲಾರೆ, ಆದರೆ ಅದು ಕಿರಿದು.

ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಹೋಗಿಬರುವ ಹಡಗುಗಳು ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವೇ ಗಂಟೆ ನಿಲ್ಲುವುದರ ಬಗ್ಗೆ ದೂರು ತಪ್ಪಿದ್ದಲ್ಲ: ಮಕ್ಕಳು ಮಲಗುವ ಹೊತ್ತಿಗೆ ಯಾವ ಬಂದರು, ಅದನ್ನು ತೆಗೆದು ಇನ್ನೊಂದು ಹಿಮನದಿ ಸೇರಿಸಿ ಎಂದು. ತೆಗೆಯುವಂತಿಲ್ಲ. ವಿದೇಶಿ ಧ್ವಜದ ಹಡಗು ಅಮೆರಿಕದಲ್ಲಿ ಹತ್ತಿಸಿಕೊಂಡವರನ್ನು ಅಮೆರಿಕದಲ್ಲೇ ಇಳಿಸುವುದಾದರೆ ನಡುವೆ ವಿದೇಶಿ ಬಂದರೊಂದನ್ನು ಮುಟ್ಟಲೇಬೇಕು. 1886ರ ಕಾನೂನಿನ ಕಟ್ಟಳೆ ಅದು. ದೊಡ್ಡ ಕ್ರೂಸ್ ಹಡಗುಗಳು ಹೆಚ್ಚುಕಡಿಮೆ ಎಲ್ಲವೂ ವಿದೇಶಿ ಧ್ವಜದವೇ. ಕೋವಿಡ್ ಕಾಲದಲ್ಲಿ ಕೆನಡಾ ಬಂದರು ಮುಚ್ಚಿದಾಗ ವಿನಾಯಿತಿ ಕೊಡಲು 2021ರಲ್ಲಿ ಅಮೆರಿಕದ ಸಂಸತ್ತೇ ಪ್ರತ್ಯೇಕ ಮಸೂದೆ ಪಾಸು ಮಾಡಬೇಕಾಯಿತು. ವ್ಯಾಂಕೂವರ್‌ನಿಂದ ಹೊರಡುವ ಮಾರ್ಗ ಆರಿಸಿಕೊಂಡರೆ ಈ ತೊಡಕಿಲ್ಲ.

ಹಾಗಾದರೆ ಏನನ್ನೂ ಕೇಳಬಾರದೇ? ಕೇಳಿ, ಖಂಡಿತ ಕೇಳಿ. ಒಂದು ಬಂದರನ್ನೂ ಕಳೆದುಕೊಳ್ಳದೆ ಸಿಗಬಹುದಾದವು ಬೇಕಾದಷ್ಟಿವೆ, ಅವನ್ನೇ ಯಾರೂ ಬರೆಯುವುದಿಲ್ಲ. ಎರಡು ಭಾಗವಾದ ಬಚ್ಚಲು: ಒಂದರಲ್ಲಿ ಕಮೋಡ್ ಮತ್ತು ಸಿಂಕ್, ಇನ್ನೊಂದರಲ್ಲಿ ಸ್ನಾನ ಮತ್ತು ಸಿಂಕ್. ಡಿಸ್ನಿ 1998ರ ಮೊದಲ ಹಡಗಿನಿಂದಲೂ ಹೆಚ್ಚಿನ ಕ್ಯಾಬಿನ್‌ಗಳಲ್ಲಿ ಇದನ್ನು ಕೊಡುತ್ತಿದೆ; ನಾಲ್ಕು ಜನ ಬೆಳಿಗ್ಗೆ ಒಟ್ಟಿಗೆ ಹೊರಡುವಾಗ ಇದಕ್ಕಿಂತ ದೊಡ್ಡ ಸೌಕರ್ಯವಿಲ್ಲ. ಅಪ್ಪ ಅಮ್ಮನ ಹಾಸಿಗೆಗೂ ಮಕ್ಕಳ ಹಾಸಿಗೆಗೂ ನಡುವೆ ದಪ್ಪ ಪರದೆ. ಬಾಲ್ಕನಿ ಬಾಗಿಲಿಗೆ ಮಗುವಿನ ಕೈಗೆ ಎಟುಕದ ಎತ್ತರದಲ್ಲಿ ಚಿಲಕ. ಕ್ಯಾಬಿನ್‌ಗಳ ನಡುವೆ ಬಾಗಿಲು. ಇದನ್ನು ಮಾತ್ರ ವಿನ್ಯಾಸದ ಹಂತದಲ್ಲೇ ಹೇಳಬೇಕು: ಹಡಗನ್ನು ಸುಮಾರು 40 ಮೀಟರಿಗೊಂದರಂತೆ ಬೆಂಕಿ ತಡೆಯುವ ಗೋಡೆಯಿಂದ ವಿಭಾಗಿಸಿರುತ್ತಾರೆ, ಆ ಗೋಡೆಯಲ್ಲಿ ಮನಬಂದಂತೆ ಬಾಗಿಲು ಕೊರೆಯಲಾಗದು. ಕ್ಯಾಬಿನ್‌ಗಳು ಕಾರ್ಖಾನೆಯಲ್ಲೇ ಪೂರ್ತಿ ತಯಾರಾಗಿ ಬಂದು ಹಡಗಿನೊಳಗೆ ಕೂರುವುದರಿಂದ ಆಮೇಲೆ ಗೋಡೆ ಸರಿಸುವ ಮಾತೂ ಇಲ್ಲ.

ಡಯಾಪರ್ ಹಾಕುವ ಮಕ್ಕಳಿಗೆ ನೀರಾಟದ ಜಾಗ ಬೇಕಿದ್ದರೆ ಅದನ್ನು ಬೇರೆಯಾಗಿಯೇ ಕೇಳಿ. ‘ಈಜುಕೊಳದ ಒಂದು ಮೂಲೆ ಕೊಡಿ’ ಎಂದರೆ ಆಗುವುದಿಲ್ಲ. ಅಮೆರಿಕದ ಬಂದರುಗಳಿಗೆ ಹೋಗುವ ಹಡಗುಗಳಿಗೆ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ನೈರ್ಮಲ್ಯ ನಿಯಮ ಅನ್ವಯಿಸುತ್ತದೆ: ಡಯಾಪರ್ ಮಕ್ಕಳಿಗೆಂದೇ ವಿನ್ಯಾಸ ಮಾಡಿ ಅನುಮೋದನೆ ಪಡೆದ ಜಾಗ ಬಿಟ್ಟು ಬೇರೆ ಕೊಳಕ್ಕೆ ಅವರನ್ನು ಇಳಿಸುವಂತಿಲ್ಲ. ಈಜು ಡಯಾಪರ್ ಹಾಕಿದರೂ ಇಲ್ಲ. ಪಂಪು, ಸೋಸುವ ಯಂತ್ರ, ಕ್ಲೋರಿನ್ ವ್ಯವಸ್ಥೆ ಎಲ್ಲ ಅದಕ್ಕೇ ಪ್ರತ್ಯೇಕ. ಆದರೆ ಅಲ್ಲಿ ನಿಲ್ಲುವ ನೀರು ಕಡಿಮೆ, ಹಾಗಾಗಿ ಭಾರವೂ ಕಡಿಮೆ. ಎಂಟು ಮೀಟರ್ ಉದ್ದ, ಐದು ಮೀಟರ್ ಅಗಲ, 1.2 ಮೀಟರ್ ಆಳದ ಸಾಧಾರಣ ಕೊಳವೇ ಸುಮಾರು 49 ಟನ್ ಸಮುದ್ರದ ನೀರನ್ನು ಹಡಗಿನ ನೆತ್ತಿಯ ಮೇಲೆ ಹೊರಿಸುತ್ತದೆ, ಹಡಗು ತೊನೆದಾಗ ಆ ನೀರೂ ತೊನೆಯುತ್ತದೆ. ಇನ್ನೊಂದು ಕೊಳ ಎಂದ ಕೂಡಲೇ ಹಡಗಿನ ಎಂಜಿನಿಯರು ಮುಖ ಸಿಂಡರಿಸುವುದು ಅದಕ್ಕೆ.

ಮಕ್ಕಳ ಕ್ಲಬ್ ಎಲ್ಲಿರಬೇಕು ಎಂಬುದನ್ನೂ ಬರೆಯಿರಿ. ಮೇಲೆ, ಮುಂಭಾಗದಲ್ಲಿ ಕೊಟ್ಟರೆ ನೋಟ ಚೆನ್ನ, ತೊನೆತವೂ ಹೆಚ್ಚು. ಡಿಸ್ನಿ ವಿಶ್‌ನಲ್ಲಿ ಅದು ಕೆಳಗೆ ಎರಡನೆಯ ಡೆಕ್‌ನಲ್ಲಿದೆ, ಮೂರನೆಯ ಡೆಕ್‌ನ ಹಜಾರದಿಂದ ಮಕ್ಕಳು ಜಾರಿಕೊಂಡೇ ಒಳಗಿಳಿಯಬಹುದು. ಒಳ್ಳೆಯ ಯೋಚನೆ. ಜೊತೆಗೆ, ಕ್ಯಾಬಿನ್‌ಗಳಿರುವ ಡೆಕ್‌ಗಳಲ್ಲೇ ಬಟ್ಟೆ ಒಗೆಯುವ ಯಂತ್ರಗಳ ಕೋಣೆ ಕೇಳಿ. ಎಲ್ಲ ಕಂಪನಿಗಳೂ ಕೊಡುವುದಿಲ್ಲ.

ಕೊನೆಯದಾಗಿ, ಪಟ್ಟಿಯ ಪ್ರತಿ ಸಾಲಿನ ಪಕ್ಕದಲ್ಲಿ ತಿಂಗಳನ್ನೂ ಹಾಕಿ. ಎಷ್ಟೋ ಹಡಗುಗಳು ಚಳಿಗಾಲದಲ್ಲಿ ಕೆರಿಬಿಯನ್‌ನಲ್ಲಿ, ಬೇಸಿಗೆಯಲ್ಲಿ ಅಲಾಸ್ಕಾ ಅಥವಾ ಯುರೋಪಿನಲ್ಲಿ ಓಡಾಡುತ್ತವೆ. ಜುಲೈ ತಿಂಗಳ ಅಲಾಸ್ಕಾದಲ್ಲೂ ಹಗಲಿನ ತಾಪಮಾನ 15ರಿಂದ 18 ಡಿಗ್ರಿ, ಮೇಲೆ ಮಳೆ. ಬಯಲಿನ ಸ್ಲೈಡಿಗೆ ಅಲ್ಲಿ ಮಕ್ಕಳು ಬರುವುದು ಕಡಿಮೆ. ಎರಡೂ ಕಡೆ ಬಳಕೆಗೆ ಬರುವುದು ಸರಿಸಬಹುದಾದ ಗಾಜಿನ ಚಾವಣಿಯ ಬೆಚ್ಚನೆಯ ಕೊಳ, ಮತ್ತು ಮುಂದಕ್ಕೆ ಮುಖ ಮಾಡಿದ, ಮಕ್ಕಳ ಕಣ್ಣಿನ ಎತ್ತರಕ್ಕೆ ಕಿಟಕಿಯಿರುವ ಕೋಣೆ. ಒಂದು ಸ್ಲೈಡ್ ಕೈಬಿಟ್ಟು ಈ ಎರಡನ್ನು ಕೇಳಿ. ಹಾಗೆ ಕೇಳುವುದನ್ನು ಹಡಗಿನ ಮೊದಲ ಉಕ್ಕಿನ ಹಾಳೆ ಕತ್ತರಿಸುವ ಮುನ್ನ ಕೇಳಿ. ಆಮೇಲೆ ಬದಲಾಗುವುದು ಬಣ್ಣ, ಪರದೆ, ಪೀಠೋಪಕರಣ ಇಷ್ಟೇ.