ಬೆಕ್ಕು ಕಿಟಕಿಗೆ ಜಿಗಿಯುವುದನ್ನು ಬಿಟ್ಟಾಗ

"ನೋವೇನೂ ಇಲ್ಲ ಡಾಕ್ಟ್ರೇ, ಒಂದ್ಸಲವೂ ಕೂಗಿಲ್ಲ." ಪಶುವೈದ್ಯರಾದವರು ಈ ಮಾತು ಕೇಳಿಸಿಕೊಳ್ಳದ ದಿನವಿಲ್ಲ. ನೋವಾದರೆ ಕೂಗಬೇಕು ಅನ್ನುವುದು ನಮ್ಮ ಲೆಕ್ಕ. ಪ್ರಾಣಿಗಳ ಲೆಕ್ಕ ಬೇರೆ.

ಒಮ್ಮೆ ಹದಿಮೂರು ವರ್ಷದ ಬೆಕ್ಕೊಂದನ್ನು ಉಗುರು ಕತ್ತರಿಸಲು ತಂದಿದ್ದರು. ಸೊಂಟದ ಮೇಲಿನ ಕೂದಲು ಗಂಟುಗಂಟಾಗಿತ್ತು. "ವಯಸ್ಸಾಯ್ತು, ಸೋಮಾರಿ ಆಗಿದೆ" ಎಂದರು. ಕಿಟಕಿಗೆ ಜಿಗಿಯುತ್ತದಾ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಈಗ ಜಿಗಿಯಲ್ಲ. ಮೊದಲು ಕುರ್ಚಿ, ಆಮೇಲೆ ಮೇಜು, ಅಲ್ಲಿಂದ ಕಿಟಕಿ" ಎಂದರು. ನನಗೆ ಅಷ್ಟು ಸಾಕಿತ್ತು. ಬೆನ್ನು ತಿರುಗಿಸಿ ನೆಕ್ಕಿಕೊಳ್ಳಲು ಆಗದ ಬೆಕ್ಕಿಗೆ ಸೊಂಟದಲ್ಲಿ ಗಂಟು ಬೀಳದೆ ಇನ್ನೇನಾಗುತ್ತದೆ? 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇ ನೋಡಿದ್ದರು. 90ರಲ್ಲಿ ಕೀಲು ಸವೆದಿತ್ತು. ಹಾಗಂತ ಸವೆದ ಕೀಲೆಲ್ಲ ನೋಯುತ್ತದೆ ಎಂದಲ್ಲ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ನೋವು ಕಾಣುವುದಿಲ್ಲ.

ಅದಕ್ಕೇ ನಾನು ಏನು ಮಾಡುತ್ತಿದೆ ಅನ್ನುವುದಕ್ಕಿಂತ ಏನು ಬಿಟ್ಟಿದೆ ಎಂದು ಜಾಸ್ತಿ ಕೇಳುತ್ತೇನೆ. ಮೊಲವನ್ನೇ ನೋಡಿ. ಬೇರೆಯವರ ಬಾಯಿಗೆ ಬೀಳುವ ಭಯದಲ್ಲೇ ಬದುಕುವ ಪ್ರಾಣಿ ಅದು, ನೋವನ್ನು ತೋರಿಸಿಕೊಂಡರೆ ಕೆಟ್ಟಿತು. ಮೂಲೆಯಲ್ಲಿ ಮುದುಡಿ ಸುಮ್ನೆ ಕೂರುತ್ತದೆ, ತಿನ್ನುವುದು ಬಿಡುತ್ತದೆ, ಹಿಕ್ಕೆ ಕಮ್ಮಿಯಾಗುತ್ತದೆ. ಅರ್ಧ ದಿನ ಏನೂ ತಿನ್ನದ ಮೊಲ ಅಂದರೆ ತುರ್ತು ಕೇಸು, ನಾಳೆ ನೋಡೋಣ ಅನ್ನುವಂತಿಲ್ಲ. ಕುದುರೆಯದು ಇನ್ನೊಂದು ಆಟ. ಯಾರಾದರೂ ಹತ್ತಿರ ಬಂದರೆ ಕಿವಿ ನಿಮಿರಿಸಿ ಚೆನ್ನಾಗಿರುವಂತೆ ನಿಲ್ಲುತ್ತದೆ. ಅದಕ್ಕೆ ಗೊತ್ತಾಗದಂತೆ ದೂರದಿಂದಲೋ ಕ್ಯಾಮೆರಾದಲ್ಲೋ ನೋಡಬೇಕು. ಹಸು ಬೆನ್ನು ಬಾಗಿಸಿ ಹಲ್ಲು ಕಡಿಯುತ್ತದೆ.

ಮುಖ ಓದುವುದನ್ನೂ ಈಗ ಕಲಿತಿದ್ದೇವೆ. 2010ರಲ್ಲಿ ಇಲಿಗಳ ಮುಖ ನೋಡಿ ನೋವಿಗೆ ಅಂಕ ಕೊಡುವ ಪದ್ಧತಿ ಬಂತು, 2014ರಲ್ಲಿ ಕುದುರೆಗೆ, 2019ರಲ್ಲಿ ಬೆಕ್ಕಿಗೆ. ನೋವಿರುವ ಬೆಕ್ಕಿನ ಕಿವಿಗಳು ಹೊರಮಗ್ಗುಲಿಗೆ ತಿರುಗಿ ಒಂದಕ್ಕೊಂದು ದೂರ ಸರಿಯುತ್ತವೆ. ಕಣ್ಣು ಕಿರಿದಾಗುತ್ತದೆ. ದುಂಡಗಿದ್ದ ಮೂತಿ ಬಿಗಿದು ಮೊಟ್ಟೆಯಾಕಾರಕ್ಕೆ ಬರುತ್ತದೆ. ಮೀಸೆ ನೆಟ್ಟಗಾಗಿ ಮುಂದೆ ಚಾಚುತ್ತದೆ. ತಲೆ ಹೆಗಲಿಗಿಂತ ಕೆಳಗೆ ಇಳಿಯುತ್ತದೆ. ಒಂದೊಂದಕ್ಕೂ 0ಯಿಂದ 2 ಅಂಕ, ಒಟ್ಟು 10. ನಾಲ್ಕು ಮುಟ್ಟಿದರೆ ಔಷಧಿ ಕೊಡುವ ಯೋಚನೆ ಮಾಡಬೇಕು. ನಿದ್ದೆ ಮಾಡುವಾಗ, ತಿನ್ನುವಾಗ ಅಂಕ ಹಾಕಬಾರದು. ನಿದ್ದೆಯಲ್ಲಿ ಯಾರ ಕಣ್ಣು ತಾನೇ ಕಿರಿದಾಗಿರಲ್ಲ, ಅಲ್ವಾ? ಆಪರೇಶನ್ ಆದ ಮೇಲಿನಂಥ ಹೊಸ ನೋವಿಗೆ ಇದು ಸರಿ. ವರ್ಷಗಟ್ಟಲೆ ಎಳೆದ ಕೀಲುನೋವಿಗೆ ಇದನ್ನು ನಂಬಿ ಕೂರುವಂತಿಲ್ಲ. ಗುರ್‌ಗುಟ್ಟುತ್ತಿದೆ, ಖುಷಿಯಾಗಿದೆ ಅನ್ನುವುದನ್ನೂ ನಂಬಬೇಡಿ. ನೋವಿನಲ್ಲೂ ಬೆಕ್ಕು ಗುರ್‌ಗುಟ್ಟುತ್ತದೆ.

ಮುಖವೇ ಬದಲಾಗದ ಮೀನಿನ ಕಥೆ ಏನು? 2003ರಲ್ಲಿ ಟ್ರೌಟ್ ಮೀನುಗಳ ತುಟಿಗೆ ಜೇನುನೊಣದ ವಿಷ ಅಥವಾ ಆಮ್ಲ ಚುಚ್ಚಿ ನೋಡಿದರು. ಅವು ಮೇವು ಮುಟ್ಟಲು ತುಂಬಾ ತಡ ಮಾಡಿದವು. ಆಮ್ಲ ಚುಚ್ಚಿಸಿಕೊಂಡವು ತುಟಿಯನ್ನು ತಳದ ಕಲ್ಲಿಗೆ ಉಜ್ಜಿದವು. ನನಗೆ ಇನ್ನೂ ಇಷ್ಟವಾದದ್ದು 2000ದಲ್ಲಿ ಬಂದ ಕೋಳಿಗಳ ಪ್ರಯೋಗ. ಎರಡು ಬಗೆಯ ಮೇವು ಇಟ್ಟು ಒಂದಕ್ಕೆ ನೋವಿನ ಔಷಧಿ ಬೆರೆಸಿದ್ದರು. ಕುಂಟುವ ಕೋಳಿಗಳು ಔಷಧಿಯ ಮೇವನ್ನೇ ಜಾಸ್ತಿ ತಿಂದವು. ಕುಂಟು ಹೆಚ್ಚಿದಷ್ಟೂ ಔಷಧಿಯೂ ಹೆಚ್ಚು.

ಅನುಮಾನವಿದ್ದಾಗ ನಾವೂ ಸುಮಾರು ಇದನ್ನೇ ಮಾಡುತ್ತೇವೆ. ಔಷಧಿ ಕೊಟ್ಟು, ಬಿಟ್ಟ ಕೆಲಸ ಯಾವುದು ವಾಪಸ್ ಬಂತು ಎಂದು ನೋಡುತ್ತೇವೆ. ಆದರೆ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮುಟ್ಟಬೇಡಿ. ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ಆ ಬೆಕ್ಕಿಗೂ ರಕ್ತ ಪರೀಕ್ಷೆ ಮಾಡಿಸಿ ಮೂರು ವಾರ ಔಷಧಿ ಕೊಟ್ಟೆವು. ಆಮೇಲೆ ಅವರೊಂದು ವಿಡಿಯೋ ಕಳಿಸಿದರು. ಕಿಟಕಿಗೆ ಹೋಗಲು ಕುರ್ಚಿ ಇನ್ನೂ ಬೇಕು. ಮೇಜನ್ನು ಮಾತ್ರ ಕೈಬಿಟ್ಟಿದೆ.