ಬ್ಯಾಟಿಗೆ ಹೊಸ ರಬ್ಬರ್: ವೇಗ ಎಲ್ಲಿಂದ ಬರುತ್ತದೆ?

ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಟೇಬಲ್ ಟೆನಿಸ್ ಬ್ಯಾಟಿನಲ್ಲಿ ಎರಡು ಮೂರು ವರ್ಷ ಆಡಿದವರಿಗೆ ಒಂದು ಹಂತದಲ್ಲಿ ರಬ್ಬರ್ ಬದಲಿಸುವ ಯೋಚನೆ ಬಂದೇ ಬರುತ್ತದೆ. ಅಷ್ಟರಲ್ಲಿ ಮೇಲ್ಮೈ ಸವೆದು ಹೊಳೆಯತೊಡಗಿರುತ್ತದೆ, ಸರ್ವಿಸ್ ಮಾಡಿದ ಚೆಂಡು ಮೊದಲಿನಂತೆ ತಿರುಗುವುದಿಲ್ಲ, ಎದುರಿಗೆ ಆಡುವ ಗೆಳೆಯನ ಚೆಂಡು ಮಾತ್ರ ಮೇಜಿಗೆ ಬಿದ್ದ ಕೂಡಲೇ ಮುಂದಕ್ಕೆ ಚಿಮ್ಮುತ್ತದೆ. ನನಗೂ ಹಾಗೆಯೇ ಆಯಿತು. ಅಂಗಡಿಯವರು ನಾಲ್ಕಾರು ಪೊಟ್ಟಣಗಳನ್ನು ಸಾಲಾಗಿ ಇಟ್ಟು, ಅವುಗಳ ಮೇಲೆ ಅಚ್ಚಾಗಿದ್ದ ವೇಗ, ಸ್ಪಿನ್, ನಿಯಂತ್ರಣ ಎಂಬ ಮೂರು ಅಂಕಿಗಳನ್ನು ಬೆರಳಿಟ್ಟು ತೋರಿಸಿ, ವೇಗದ ಅಂಕಿ ಎಲ್ಲಕ್ಕಿಂತ ಹೆಚ್ಚಿದ್ದ ಒಂದನ್ನು ಕೈಗೆ ಕೊಟ್ಟರು. ಮುಂದಿನ ಎರಡು ತಿಂಗಳಲ್ಲಿ ನನ್ನ ಸ್ಮ್ಯಾಷ್‌ಗಳು ಹೇಳಿಕೊಳ್ಳುವಷ್ಟೇನೂ ಚುರುಕಾಗಲಿಲ್ಲ. ಅಲ್ಲಿಯವರೆಗೆ ತಪ್ಪದೆ ಹಿಂದಿರುಗುತ್ತಿದ್ದ, ಬ್ಯಾಟನ್ನು ಸುಮ್ಮನೆ ಅಡ್ಡ ಹಿಡಿದು ತಡೆಯುವ ಬ್ಲಾಕ್‌ಗಳು ಮಾತ್ರ ಮೇಜು ದಾಟಿ ಗೋಡೆಗೆ ಬಡಿಯತೊಡಗಿದವು. ಕೈಯೇ ಕೆಟ್ಟಿತೆಂದು ಬಹಳ ದಿನ ನಂಬಿದ್ದೆ. ಪಿಯುಸಿಯಲ್ಲಿ ಕಲಿತು ಮರೆತಿದ್ದ ಡಿಕ್ಕಿಯ ಸೂತ್ರವನ್ನು ಒಂದು ಸಂಜೆ ಕಾಗದದ ಮೇಲೆ ಬರೆದು ನೋಡಿದಾಗ, ಆಗಬೇಕಾದದ್ದೇ ಆಗಿತ್ತು ಎಂಬುದು ತಿಳಿಯಿತು.

ಆ ಲೆಕ್ಕಕ್ಕೆ ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ. ಚೆಂಡಿನ ವ್ಯಾಸ 40 ಮಿ.ಮೀ., ತೂಕ 2.7 ಗ್ರಾಂ. ಅದು ಬ್ಯಾಟಿನ ಮೇಲೆ ನಿಲ್ಲುವ ಅವಧಿ ಹೆಚ್ಚುಕಡಿಮೆ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗ. ಅಷ್ಟು ಹೊತ್ತಿನಲ್ಲಿ ಸ್ಪಂಜು ಕುಗ್ಗಿ ಮತ್ತೆ ಹಿಗ್ಗಬೇಕು, ಅದರ ಮೇಲಿನ ರಬ್ಬರ್ ಹಾಳೆ ಚೆಂಡನ್ನು ಹಿಡಿದು ಬಿಡಬೇಕು, ಅಡಿಯ ಮರ ಬಾಗಿ ನೆಟ್ಟಗಾಗಬೇಕು. ಕೊಟ್ಟ ವೇಗದಲ್ಲಿ ಎಷ್ಟು ಪಾಲು ಹಿಂದಕ್ಕೆ ಬರುತ್ತದೆ ಎಂಬುದನ್ನು ಭೌತವಿಜ್ಞಾನಿಗಳು ಒಂದು ಗುಣಾಂಕದಿಂದ ಅಳೆಯುತ್ತಾರೆ. ಅದನ್ನು ಪುಟಿತದ ಗುಣಾಂಕ ಎನ್ನೋಣ. ನಿಯಮದ ಪ್ರಕಾರ 30 ಸೆಂ.ಮೀ. ಎತ್ತರದಿಂದ ಬಿಟ್ಟ ಚೆಂಡು ಮೇಜಿನಿಂದ ಸುಮಾರು 23 ಸೆಂ.ಮೀ. ಮೇಲೇಳಬೇಕು. ಎತ್ತರವು ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಮೇಜಿನ ಗುಣಾಂಕ 0.88ರ ಆಸುಪಾಸಿನಲ್ಲಿದೆ ಎಂದಾಯಿತು.

ಬ್ಯಾಟಿನ ವಿಷಯದಲ್ಲಿ ಒಂದು ಅಂಶ ಹೆಚ್ಚಿಗೆ ಸೇರುತ್ತದೆ, ಏಕೆಂದರೆ ಮೇಜಿನಂತೆ ಅದು ಸುಮ್ಮನೆ ನಿಂತಿರುವುದಿಲ್ಲ. ಬಂದ ಚೆಂಡಿನ ವೇಗವನ್ನು ಗುಣಾಂಕದಿಂದ ಗುಣಿಸಿ, ಬ್ಯಾಟಿನ ವೇಗವನ್ನು ಗುಣಾಂಕಕ್ಕೆ 1 ಕೂಡಿಸಿ ಬಂದ ಸಂಖ್ಯೆಯಿಂದ ಗುಣಿಸಿ, ಎರಡನ್ನೂ ಸೇರಿಸಿದರೆ ಹೊರಡುವ ಚೆಂಡಿನ ವೇಗ ಸಿಗುತ್ತದೆ. ಹಳೆಯ ರಬ್ಬರಿನ ಗುಣಾಂಕ 0.75, ಹೊಸದರದ್ದು 0.80 ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬಂದ ಚೆಂಡಿಗೆ ಬ್ಯಾಟನ್ನು ಸುಮ್ಮನೆ ಅಡ್ಡ ಹಿಡಿದರೆ ಹಳೆಯದರಿಂದ ಅದು 7.5 ಮೀಟರ್ ವೇಗದಲ್ಲಿ, ಹೊಸದರಿಂದ 8 ಮೀಟರ್ ವೇಗದಲ್ಲಿ ಹಿಂದಿರುಗುತ್ತದೆ. ಹೆಚ್ಚಳ ಶೇಕಡ 6.7. ಈಗ ಸೆಕೆಂಡಿಗೆ 2 ಮೀಟರ್‌ನಂತೆ ತೇಲಿಬಂದ ಚೆಂಡನ್ನು 10 ಮೀಟರ್ ವೇಗದಲ್ಲಿ ಬ್ಯಾಟು ಬೀಸಿ ಹೊಡೆಯಿರಿ. ಹಳೆಯದರಲ್ಲಿ 19 ಮೀಟರ್, ಹೊಸದರಲ್ಲಿ 19.6 ಮೀಟರ್, ಹೆಚ್ಚಳ ಶೇಕಡ 3.2 ಮಾತ್ರ. ಅಂದರೆ ಶೇಕಡವಾರು ನೋಡಿದರೆ ವೇಗದ ರಬ್ಬರ್ ಹೆಚ್ಚಿನ ಕೊಡುಗೆ ನೀಡುವುದು ನಾವು ಹೊಡೆಯುವಾಗಲ್ಲ, ತಡೆಯುವಾಗ. ಯಾರಿಗೂ ಬೇಡದ ಜಾಗದಲ್ಲಿ.

ಈ ಆರೇಳು ಶೇಕಡ ದೊಡ್ಡದೇ, ಸಣ್ಣದೇ? ಮೇಜಿನ ಉದ್ದ 2.74 ಮೀಟರ್, ಬಲೆಯ ಎತ್ತರ 15.25 ಸೆಂ.ಮೀ. ಮೇಜಿನ ಅಂಚಿನ ನೇರಕ್ಕೆ, 25 ಸೆಂ.ಮೀ. ಎತ್ತರದಲ್ಲಿ ಚೆಂಡನ್ನು ತಿರುಗಿಸದೆ ಸಮತಲವಾಗಿ ಹೊಡೆದೆವು ಎನ್ನೋಣ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಗಂಟೆಗೆ 39 ಕಿ.ಮೀ.ಗಿಂತ ಕಡಿಮೆ ವೇಗವಿದ್ದರೆ ಚೆಂಡು ಬಲೆಗೆ ಬೀಳುತ್ತದೆ, 45 ಕಿ.ಮೀ. ದಾಟಿದರೆ ಮೇಜು ಬಿಟ್ಟು ಆಚೆ ಹೋಗುತ್ತದೆ. ನಡುವೆ ಇರುವ ಜಾಗ ಕೇವಲ 6 ಕಿ.ಮೀ. ಸರಿಯಾಗಿ ಮಧ್ಯದಲ್ಲಿ ಹೊಡೆಯಲು ಕಲಿತ ಕೈಗೆ ಎರಡೂ ಕಡೆ ಮೂರು ಮೂರು ಕಿ.ಮೀ. ಬಿಡುವು ಇರುತ್ತದೆ. ಶೇಕಡ 6.7ರ ಹೆಚ್ಚಳ ಎಂದರೆ ಆ ವೇಗದಲ್ಲಿ ಸುಮಾರು 2.8 ಕಿ.ಮೀ.; ಬಿಡುವೆಲ್ಲ ಅಲ್ಲಿಗೇ ಮುಗಿಯಿತು. ನನ್ನ ಚೆಂಡುಗಳು ಗೋಡೆಗೆ ಬಡಿದದ್ದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಿರಲಿಲ್ಲ.

ಹಾಗಿದ್ದರೆ ಒಳ್ಳೆಯ ಆಟಗಾರರು ಅದೇ ಮೇಜಿನಲ್ಲಿ ಗಂಟೆಗೆ 45 ಕಿ.ಮೀ.ಗಿಂತ ಎಷ್ಟೋ ಹೆಚ್ಚಿನ ವೇಗದಲ್ಲಿ ಹೊಡೆದೂ ಚೆಂಡನ್ನು ಒಳಗೆ ಬೀಳಿಸುವುದು ಹೇಗೆ? ಬಲೆಗಿಂತ ಸಾಕಷ್ಟು ಮೇಲೆದ್ದ ಚೆಂಡಾದರೆ ಕೆಳಮುಖವಾಗಿ ಹೊಡೆಯಬಹುದು. ಉಳಿದೆಲ್ಲ ಸಂದರ್ಭಗಳಲ್ಲಿ ಉತ್ತರ ಸ್ಪಿನ್. ಮುಂದಕ್ಕೆ ಉರುಳುವಂತೆ ತಿರುಗುವ ಚೆಂಡು ತನ್ನ ಸುತ್ತಲಿನ ಗಾಳಿಯನ್ನು ಮೇಲ್ಮುಖವಾಗಿ ತಳ್ಳುತ್ತದೆ, ಗಾಳಿ ಪ್ರತಿಯಾಗಿ ಚೆಂಡನ್ನು ಕೆಳಕ್ಕೆ ಒತ್ತುತ್ತದೆ. ಮ್ಯಾಗ್ನಸ್ ಪರಿಣಾಮ ಎನ್ನುವುದು ಇದಕ್ಕೇ. ಅನುಭವಿ ಆಟಗಾರರ ಟಾಪ್‌ಸ್ಪಿನ್ ಹೊಡೆತದಲ್ಲಿ ಚೆಂಡು ಸೆಕೆಂಡಿಗೆ 100 ಸುತ್ತಿಗಿಂತಲೂ ಹೆಚ್ಚು ತಿರುಗುತ್ತದೆ, 2.7 ಗ್ರಾಂ ತೂಕದ ಟೊಳ್ಳು ಚೆಂಡಿನ ದಾರಿಯನ್ನು ಬಗ್ಗಿಸಲು ಅಷ್ಟು ಸಾಕು. ಆದ್ದರಿಂದ ರಬ್ಬರ್ ಬದಲಿಸುವವರು ಮೊದಲು ಕೇಳಬೇಕಾದದ್ದು ವೇಗದ ಅಂಕಿಯನ್ನಲ್ಲ, ಚೆಂಡನ್ನು ಅದು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಎಂಬುದನ್ನು ಎನ್ನುವುದು ನನ್ನ ಅಭಿಪ್ರಾಯ.

ಹಿಡಿಯುವ ಕೆಲಸದಲ್ಲಿ ಎರಡು ದಾರಿಗಳಿವೆ. ಸುಳ್ಯ, ಪುತ್ತೂರಿನ ಕಡೆ ರಬ್ಬರ್ ತೋಟವಿರುವವರಿಗೆ ಹಾಲು ಹೆಪ್ಪುಗಟ್ಟಿಸಿ ಒತ್ತಿದ ಹಸಿ ಹಾಳೆಯ ಗುಣ ಗೊತ್ತಿರುತ್ತದೆ: ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ, ಆದರೆ ಪೂರ್ತಿ ಮೊದಲಿನ ಆಕಾರಕ್ಕೆ ಮರಳುವುದಿಲ್ಲ. ಗಂಧಕ ಸೇರಿಸಿ ಬೇಯಿಸಿದಾಗ ಅದರೊಳಗಿನ ಉದ್ದುದ್ದ ಅಣುಸರಪಳಿಗಳು ಅಲ್ಲಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಂಡು, ಹಿಗ್ಗಿದ್ದು ಮರಳಿ ಬರುವಂತಾಗುತ್ತದೆ. ಬ್ಯಾಟಿನ ಮೇಲ್ಪದರವೂ ಹೀಗೆಯೇ ತಯಾರಾದದ್ದು. ನುಣುಪಾಗಿ ಕಾಣುವ ಆ ಹಾಳೆಯ ಅಡಿಯಲ್ಲಿ ಸಣ್ಣ ಸಣ್ಣ ಗುಬುಟುಗಳಿದ್ದು, ಅವು ಸ್ಪಂಜಿನ ಕಡೆಗೆ ಮುಖ ಮಾಡಿರುತ್ತವೆ. ಚೆಂಡನ್ನು ಸವರಿ ಹೊಡೆದಾಗ ಹಾಳೆ ಜಾರದೆ ಚೆಂಡಿಗೆ ಅಂಟಿಕೊಂಡು, ಗುಬುಟುಗಳು ಪಕ್ಕಕ್ಕೆ ವಾಲಿ, ಸ್ಪಂಜೂ ಅದೇ ದಿಕ್ಕಿಗೆ ಎಳೆಯಲ್ಪಟ್ಟು, ಚೆಂಡು ಬಿಡುವ ಗಳಿಗೆಯಲ್ಲಿ ಎಲ್ಲವೂ ಒಟ್ಟಿಗೆ ಹಿಂದಕ್ಕೆ ಮರಳುತ್ತವೆ. ಜಪಾನ್ ಮತ್ತು ಜರ್ಮನಿಯಲ್ಲಿ ಬೆಳೆದ ರಬ್ಬರುಗಳು ಬಹುಪಾಲು ಈ ಎಳೆತದ ಮರುಕಳಿಕೆಯನ್ನೇ ನೆಚ್ಚಿಕೊಂಡಿವೆ. ಚೀನಾದ ಡಿಎಚ್ಎಸ್ ಕಂಪನಿಯ ಹರಿಕೇನ್ ಸರಣಿಯಂಥವು ಮೇಲ್ಮೈಯನ್ನೇ ಅಂಟಂಟಾಗಿಸಿ, ಅಡಿಗೆ ಬಿಗುವಾದ ಸ್ಪಂಜನ್ನು ಇಡುತ್ತವೆ. ಅಂಥ ಹೊಸ ರಬ್ಬರಿಗೆ ಚೆಂಡನ್ನು ಒತ್ತಿ ಬ್ಯಾಟನ್ನು ಮಗುಚಿದರೆ ಚೆಂಡು ಬೀಳದೆ ಒಂದೆರಡು ಕ್ಷಣ ನೇತಾಡುವುದೂ ಉಂಟು. ನೋಡುವವರಿಗೆ ಇದು ಬೆರಗು ಹುಟ್ಟಿಸುತ್ತದೆ. ಆದರೆ ಆ ಬಿಗು ಸ್ಪಂಜನ್ನು ಕುಗ್ಗಿಸುವಷ್ಟು ಬೀಸು ತೋಳಿನಲ್ಲಿ ಇಲ್ಲದಿದ್ದರೆ ಅದು ಮರದ ಹಲಗೆಯಂತೆಯೇ ವರ್ತಿಸುತ್ತದೆ.

ಸ್ಪಂಜು ಈ ಆಟಕ್ಕೆ ಬಂದ ಕಥೆಗೆ ನಮ್ಮ ದೇಶದ ನಂಟಿದೆ. 1952ರ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಬೊಂಬಾಯಿಯಲ್ಲಿ. ಜಪಾನ್ ಆ ಪಂದ್ಯಾವಳಿಯಲ್ಲಿ ಆಡಿದ್ದು ಅದೇ ಮೊದಲು. ಅಲ್ಲಿಗೆ ಬಂದಿದ್ದ ಹಿರೋಜಿ ಸಾಟೊ ಎಂಬ ಆಟಗಾರ ಬ್ಯಾಟಿಗೆ ದಪ್ಪ ಸ್ಪಂಜು ಅಂಟಿಸಿಕೊಂಡಿದ್ದ. ಆವರೆಗೆ ಎಲ್ಲರೂ ಆಡುತ್ತಿದ್ದುದು ಗುಬುಟು ಹೊರಗೆ ಕಾಣುವ ತೆಳು ರಬ್ಬರಿನಲ್ಲಿ. ಚೆಂಡು ತಾಗಿದಾಗಿನ ಟಕ್ ಎಂಬ ಸದ್ದು ಕೇಳಿಯೇ ಎದುರಾಳಿ ಹೊಡೆತದ ಬಲವನ್ನು ಅಂದಾಜು ಮಾಡುತ್ತಿದ್ದ. ಸಾಟೊನ ಬ್ಯಾಟು ಸದ್ದನ್ನೇ ನುಂಗಿತು, ಚೆಂಡನ್ನು ಒಂದು ಗಳಿಗೆ ಹೆಚ್ಚು ಹೊತ್ತು ಹಿಡಿದು ಚಿಮ್ಮಿಸಿತು. ಪುರುಷರ ಸಿಂಗಲ್ಸ್ ಪ್ರಶಸ್ತಿ ಆತನಿಗೇ ದಕ್ಕಿತು. ಮುಂದಿನ ಕೆಲವು ವರ್ಷಗಳ ಗಲಿಬಿಲಿಯ ನಂತರ, 1959ರಲ್ಲಿ ಬರಿಯ ಸ್ಪಂಜನ್ನು ನಿಷೇಧಿಸಿ, ರಬ್ಬರ್ ಮತ್ತು ಸ್ಪಂಜು ಸೇರಿದ ಹೊದಿಕೆಯ ದಪ್ಪ ಅಂಟೂ ಸೇರಿ 4 ಮಿ.ಮೀ. ಮೀರಬಾರದೆಂಬ ನಿಯಮ ಬಂತು. ಆ ಮಿತಿ ಇಂದಿಗೂ ಹಾಗೆಯೇ ಇದೆ.

ಅಂಗಡಿಯಲ್ಲಿ 1.5, 1.8, 2.0 ಅಥವಾ 2.1 ಮಿ.ಮೀ. ಎಂದು ಕೇಳುವ ಅಳತೆ ಆ ಹೊದಿಕೆಯಲ್ಲಿ ಸ್ಪಂಜಿನ ಪಾಲು. ಗಟ್ಟಿಯಾಗಿ ಹೊಡೆದಾಗ ತೆಳು ಸ್ಪಂಜು ಪೂರ್ತಿ ಕುಗ್ಗಿ ಚೆಂಡಿಗೆ ಅಡಿಯ ಮರ ತಗುಲುತ್ತದೆ. ಸದ್ದು ಗಡುಸಾಗುತ್ತದೆ, ಅಂಗೈಗೆ ಅದರ ಅರಿವಾಗುತ್ತದೆ. ದಪ್ಪ ಸ್ಪಂಜಿನಲ್ಲಿ ಹೀಗಾಗಲು ಇನ್ನೂ ಬಲವಾದ ಹೊಡೆತ ಬೇಕು. ನಿಧಾನದ ಹೊಡೆತದಲ್ಲಿ ಒಂದು ಬ್ಯಾಟು, ಜೋರಿನ ಹೊಡೆತದಲ್ಲಿ ಇನ್ನೊಂದು ಬ್ಯಾಟು ಕೈಯಲ್ಲಿದ್ದಂತೆ ಅನ್ನಿಸುವುದು ಇದರಿಂದಲೇ, ಮತ್ತು ವೇಗವನ್ನು ಒಂದೇ ಅಂಕಿಯಲ್ಲಿ ಅಚ್ಚು ಹಾಕುವುದು ಅರ್ಥಹೀನವಾಗುವುದೂ ಇದರಿಂದಲೇ. ತೂಕವನ್ನೂ ಮರೆಯಬಾರದು: 0.3 ಮಿ.ಮೀ. ಹೆಚ್ಚಿನ ಸ್ಪಂಜು ಒಂದು ಬದಿಗೆ ಎರಡು ಮೂರು ಗ್ರಾಂ ಸೇರಿಸುತ್ತದೆ, ಅದೂ ಹಿಡಿಯಿಂದ ದೂರದಲ್ಲಿ. ಎರಡು ಗಂಟೆ ಆಡಿದ ಮಣಿಕಟ್ಟಿಗೆ ಅದು ತಿಳಿಯುತ್ತದೆ.

ಸ್ಪಂಜಿನ ಗಡಸುತನದ ಅಂಕಿಗಳ ಕಥೆ ಇನ್ನೂ ಗೊಂದಲದ್ದು. ಬಟರ್‌ಫ್ಲೈ ಕಂಪನಿಯ ಟೆನರ್ಜಿ 05ರ ಗಡಸುತನ 36 ಎಂದೂ ಹರಿಕೇನ್ 3ರದ್ದು 39 ಅಥವಾ 40 ಎಂದೂ ಬರೆದಿರುವುದನ್ನು ನೋಡಿ, ಎರಡೂ ಹತ್ತಿರ ಹತ್ತಿರದವು ಎಂದು ಭಾವಿಸಿದರೆ ಮೋಸಹೋಗುತ್ತೇವೆ. ಒಬ್ಬೊಬ್ಬ ತಯಾರಕರ ಮಾಪಕವೂ ಬೇರೆ; ಹೆಬ್ಬೆರಳಿನಿಂದ ಒತ್ತಿ ನೋಡಿದರೂ ಹರಿಕೇನ್ ಎಷ್ಟೋ ಗಡುಸೆಂದು ಗೊತ್ತಾಗುತ್ತದೆ. ಒಂದೇ ಕಂಪನಿಯ ಎರಡು ರಬ್ಬರುಗಳ ಹೋಲಿಕೆಗೆ ಮಾತ್ರ ಆ ಅಂಕಿಗಳು ಉಪಯೋಗಕ್ಕೆ ಬರುತ್ತವೆ.

ಹಿಂದೆ ಆಟಗಾರರು ಪಂದ್ಯಕ್ಕೆ ಮುನ್ನ ರಬ್ಬರನ್ನು ಕಿತ್ತು, ಘಾಟು ವಾಸನೆಯ ದ್ರಾವಕವಿರುವ ಅಂಟನ್ನು ಹೊಸದಾಗಿ ಹಚ್ಚಿ, ಸ್ಪಂಜು ಅದನ್ನು ಹೀರಿ ಉಬ್ಬುವಂತೆ ಮಾಡಿ ವೇಗ ಹೆಚ್ಚಿಸಿಕೊಳ್ಳುತ್ತಿದ್ದರು. ಆರೋಗ್ಯಕ್ಕೆ ಕೆಡುಕೆಂದು 2008ರ ಬೀಜಿಂಗ್ ಒಲಿಂಪಿಕ್ಸ್ ಮುಗಿದ ಮೇಲೆ ಅಂಥ ಅಂಟನ್ನು ನಿಷೇಧಿಸಲಾಯಿತು. ಟೆನರ್ಜಿ ಮಾರುಕಟ್ಟೆಗೆ ಬಂದದ್ದೂ ಅದೇ ವರ್ಷ. ಕಾರ್ಖಾನೆಯಲ್ಲೇ ಚಿಮ್ಮುವ ಗುಣವನ್ನು ತುಂಬಿಟ್ಟ ಇಂಥ ರಬ್ಬರುಗಳ ಮೇಲೆ ಹೊಸಬರ ಕಣ್ಣು ಬೀಳುವುದು ಸಹಜವಾದರೂ, ಸಿದ್ಧ ಬ್ಯಾಟಿನಿಂದ ನೇರವಾಗಿ ಅವುಗಳಿಗೆ ಹಾರುವುದನ್ನು ನಾನು ಯಾರಿಗೂ ಹೇಳುವುದಿಲ್ಲ. 1967ರ ಸ್ರೈವರ್, 1969ರ ಯಸಾಕ ಮಾರ್ಕ್ ವಿ ಇಂದಿಗೂ ಮಾರಾಟವಾಗುತ್ತಿರುವುದು ಹಳೆಯದರ ಮೇಲಿನ ಮೋಹದಿಂದಲ್ಲ. ಬೀಸಿದಷ್ಟೇ ಕೊಡುವ, ಬೀಸದಿದ್ದಾಗ ಸುಮ್ಮನಿರುವ ಗುಣ ಅವಕ್ಕಿದೆ. 1.8 ಅಥವಾ 2.0 ಮಿ.ಮೀ. ದಪ್ಪದ ಇಂಥದೊಂದು ರಬ್ಬರ್, ಐದು ಪದರದ ಬರಿ ಮರದ ಬ್ಲೇಡು (ರಬ್ಬರ್ ಅಂಟಿಸುವ ಹಲಗೆ) ಇದ್ದರೆ ಎರಡು ವರ್ಷ ಬೇರೆ ಯೋಚನೆ ಬೇಕಿಲ್ಲ.

ಗುಬುಟು ಹೊರಗೆ ಕಾಣುವ ರಬ್ಬರುಗಳು ಮತ್ತು ಸ್ಪಿನ್ನನ್ನೇ ಹಿಡಿಯದ ಆ್ಯಂಟಿಸ್ಪಿನ್ ರಬ್ಬರುಗಳು ಬೇರೆಯದೇ ಪ್ರಪಂಚ. ಉದ್ದ ಗುಬುಟುಗಳು ಚೆಂಡು ತಾಗಿದಾಗ ಬಾಗಿ ಜಾರುವುದರಿಂದ ಎದುರಾಳಿ ಕೊಟ್ಟ ತಿರುಗು ಬಹುಮಟ್ಟಿಗೆ ಹಾಗೆಯೇ ಉಳಿದು, ಅವರ ಟಾಪ್‌ಸ್ಪಿನ್ ಅವರಿಗೇ ಬ್ಯಾಕ್‌ಸ್ಪಿನ್ನಾಗಿ ಮರಳುತ್ತದೆ. ಮಣಿಕಾ ಬಾತ್ರಾ ಬ್ಯಾಕ್‌ಹ್ಯಾಂಡಿನಲ್ಲಿ ಇಂಥ ರಬ್ಬರ್ ಬಳಸಿ ಹೆಸರಾದವರು; 2024ರ ಫೆಬ್ರವರಿಯಲ್ಲಿ ಬೂಸಾನಿನ ವಿಶ್ವ ತಂಡ ಚಾಂಪಿಯನ್‌ಷಿಪ್ಪಿನಲ್ಲಿ ಆಗಿನ ವಿಶ್ವದ ಮೊದಲ ಕ್ರಮಾಂಕದ ಸುನ್ ಯಿಂಗ್‌ಷಾ ಅವರನ್ನು ಐಹಿಕಾ ಮುಖರ್ಜಿ ಸೋಲಿಸಿದಾಗ ಅವರ ಬ್ಯಾಕ್‌ಹ್ಯಾಂಡಿನಲ್ಲಿದ್ದುದು ಆ್ಯಂಟಿಸ್ಪಿನ್. ಎರಡು ಬದಿಗೂ ಒಂದೇ ಬಣ್ಣ ಹಾಕಿ ಯಾವುದರಿಂದ ಹೊಡೆದರೆಂದು ತಿಳಿಯದಂತೆ ಮಾಡುವ ಚಾಳಿ ಹೆಚ್ಚಿದ್ದರಿಂದಲೇ ಎರಡು ಬದಿಗೆ ಎರಡು ಬಣ್ಣವೆಂಬ ನಿಯಮ ಎಂಬತ್ತರ ದಶಕದಲ್ಲಿ ಬಂತು. ಆದರೆ ಸಾದಾ ರಬ್ಬರಿನಲ್ಲಿ ಕೈ ಪಳಗುವ ಮುನ್ನ ಈ ಕಡೆ ಹೋಗುವುದು ಅಡ್ಡದಾರಿ.

ಕೊಳ್ಳುವಾಗ ಒಂದು ಬದಿಯದನ್ನು ಮಾತ್ರ ಕೊಳ್ಳುವುದು ನಾನು ಪೆಟ್ಟು ತಿಂದು ಕಲಿತ ಪಾಠ. ಎರಡನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ರಬ್ಬರಿನದೋ ಕೈಯದೋ ಎಂದು ತಿಳಿಯಲು ದಾರಿಯೇ ಇರುವುದಿಲ್ಲ. ಸಿದ್ಧ ಬ್ಯಾಟಿನ ರಬ್ಬರನ್ನು ಕೀಳುವಾಗ ಮರದ ಎಳೆಗಳೂ ಜೊತೆಗೆ ಎದ್ದು ಬರುವ ಭಯವಿದೆ, ಆದ್ದರಿಂದ ಹಿಡಿಯ ಕಡೆಯಿಂದ ಆರಂಭಿಸಿ ಎಳೆಗಳ ದಿಕ್ಕಿನಲ್ಲೇ ನಿಧಾನವಾಗಿ ಸುಲಿಯಬೇಕು. ಈಗಿನ ನೀರಿನ ಅಂಟು ಹಾಲಿನಂತೆ ಬೆಳ್ಳಗಿರುತ್ತದೆ. ಮರಕ್ಕೂ ಸ್ಪಂಜಿಗೂ ತೆಳ್ಳಗೆ ಹಚ್ಚಿ, ಬಿಳುಪು ಮಾಯವಾಗಿ ಪಾರದರ್ಶಕವಾಗುವವರೆಗೆ ಕಾಯಬೇಕು. ಒಂದು ಮೂಲೆಯಲ್ಲಿ ಬಿಳಿ ಉಳಿದಿದ್ದರೂ ಅಲ್ಲಿ ಗುಳ್ಳೆ ಏಳುತ್ತದೆ. ಆಮೇಲೆ ರಬ್ಬರನ್ನು ಎಳೆಯದೆ, ಹಿಡಿಯ ಅಂಚಿನಿಂದ ಮೇಲಕ್ಕೆ ಉರುಳಿಸುತ್ತ ಕೂರಿಸಿ, ಬ್ಯಾಟನ್ನು ಕವುಚಿ ಮರದ ಅಂಚಿನ ಗುಂಟ ಹೊಸ ರೇಜರ್ ಬ್ಲೇಡಿನಿಂದ ಕತ್ತರಿಸಬೇಕು.

ಮೊದಲ ದಿನ ಸ್ಮ್ಯಾಷ್ ಹೊಡೆದು ನೋಡುವ ಆಸೆಯನ್ನು ತಡೆದುಕೊಂಡು, ಗೆಳೆಯನಿಗೆ ಒಂದೇ ವೇಗದಲ್ಲಿ ಇಪ್ಪತ್ತು ಟಾಪ್‌ಸ್ಪಿನ್ ಹೊಡೆಯಲು ಹೇಳಿ, ಬ್ಯಾಟನ್ನು ಅಲುಗಿಸದೆ ಬ್ಲಾಕ್ ಮಾಡಿ, ಎಷ್ಟು ಚೆಂಡು ಮೇಜಿನ ಮೇಲೆ ಬಿದ್ದವೆಂದು ಎಣಿಸಿಕೊಳ್ಳಿ. ಹಳೆಯ ರಬ್ಬರಿನಲ್ಲಿ ಹದಿನೈದು ಬೀಳುತ್ತಿದ್ದ ನನಗೆ ಆ ವೇಗದ ರಬ್ಬರಿನಲ್ಲಿ ಒಂಬತ್ತು ಬಿದ್ದಿದ್ದವು. ಈಗಿರುವುದು 1.8 ಮಿ.ಮೀ.ನದು, ಕಳೆದ ವಾರ ಎಣಿಸಿದಾಗ ಹದಿನಾರು.